ಕಾಡಿನ ಮಗ್ಗುಲಲ್ಲಿ ವಿಹಾರಧಾಮ: ಲೆಕ್ಕ ಸರಿಬೀಳುವುದೆ?

ಪರಿಸರಕ್ಕೆ ಹಾನಿಯಿಲ್ಲದಂತೆ, ನೂತನ ಯಂತ್ರಸಾಧನಗಳ ನೆರವಿನಿಂದ, ಧನಿಕ ಅತಿಥಿಗಳಿಗೆ ಸಕಲ ಸೌಖ್ಯಗಳನ್ನೂ ಒದಗಿಸತಕ್ಕ ವಿಹಾರಧಾಮಗಳನ್ನು ಕಾಡಿನ ಮಗ್ಗುಲಲ್ಲಿ ಸ್ಥಾಪಿಸಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಬಲವಾಗಿ ಕೇಳಿಬರುತ್ತಲಿದೆ. ಸರಕಾರದವರ 2024-29ರ ಪ್ರವಾಸೋದ್ಯಮ ನೀತಿಯು ಬಂಡವಾಳಗಾರರನ್ನು ರಿಯಾಯಿತಿಗಳನ್ನು ತೋರಿಸಿ ಕರೆಯುತ್ತದೆ. 2020ರಲ್ಲಿ ಭೂಸುಧಾರಣಾ ಕಾಯಿದೆಯು ತಿದ್ದುಪಡಿಯಾದಂದಿನಿಂದ ಬೇಸಾಯಗಾರರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ಮೊದಲಿನ ಅಡ್ಡಿಯಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ, ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ, ಕಬಿನಿಯ ತೀರದಲ್ಲಿ ಇಂಥ ಉದ್ಯಮಗಳ ಯೋಜನಾಪತ್ರಗಳು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಇರುತ್ತವೆ. ಸೂರ್ಯಫಲಕಗಳು, ಬ್ಯಾಟರಿಗಳು, ಕೊಳಚೆಯನ್ನು ಶುದ್ಧಮಾಡುವ ಯಂತ್ರ, ವಿದ್ಯುತ್ತಿನಿಂದ ಓಡುವ ಜೀಪುಗಳು, ಆನೆ ಬಂದರೆ ಸೂಚನೆ ಕೊಡುವ ಕ್ಯಾಮೆರಾಗಳು, ಇವಿಷ್ಟರ ಪಟ್ಟಿಯನ್ನು ಓದಿದವರು ಯೋಜನೆಯು ಸಾಧ್ಯವೆಂದೇ ತೀರ್ಮಾನಿಸಿಬಿಡುವುದು ಸಹಜ.

ನಮ್ಮ ಅಭಿಪ್ರಾಯವು ಬೇರೆ. ಯಂತ್ರಗಳು ಕೆಲಸಮಾಡುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಇಂಥ ಉದ್ಯಮವು ನಿಲ್ಲುವುದೋ ಬೀಳುವುದೋ ಎಂಬುದನ್ನು ಯಂತ್ರಗಳು ತೀರ್ಮಾನಿಸಿದ ನಿದರ್ಶನವು ವಿರಳ. ತೀರ್ಮಾನಿಸುವುದು ನೆಲ, ನೀರು ಮತ್ತು ನೆರೆಹೊರೆಯವರು. ಇದಕ್ಕೆ ದೂರದ ದೇಶಗಳ ಸಾಕ್ಷ್ಯವು ಬೇಕಾಗಿಲ್ಲ. ನಾಗರಹೊಳೆಯ ಒಂದೇ ಅರಣ್ಯದಲ್ಲಿ ಎರಡು ಕಥೆಗಳು ನಡೆದುಹೋಗಿವೆ.

ಮೊದಲನೆಯದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದ್ದು. 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ಮೊದಲಿಗೆ ನೇಪಾಳದ ಟೈಗರ್ ಟಾಪ್ಸ್ ಕಂಪನಿಯೊಡನೆ ಕೂಡಿ ನಡೆಸಿದ ಉದ್ಯಮ. 1987ರಲ್ಲಿ ಪೂರ್ತಿಯಾಗಿ ಸರಕಾರದ ವಶಕ್ಕೆ ಬಂದಿತು. ಮೈಸೂರು ಅರಸರ ಕಾಲದ ಬೇಟೆಯ ಬಂಗಲೆಯನ್ನೇ ಅತಿಥಿಗೃಹವನ್ನಾಗಿ ಮಾಡಿಕೊಂಡು, ಅಲ್ಪಸಂಖ್ಯೆಯ ಕೊಠಡಿಗಳಿಂದ ಆರಂಭಿಸಿದರು. ಬಹುಕಾಲ ಅಲ್ಲಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡರ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಅಲ್ಲಿ ಅತಿಥಿಗೆ ಮಾರಿದ ಪದಾರ್ಥವು ಮೆತ್ತನೆಯ ಹಾಸಿಗೆಯಲ್ಲ, ಕಾಡನ್ನು ಬಲ್ಲ ಮಾರ್ಗದರ್ಶಿಯ ಕಣ್ಣು. ಕಬಿನಿ ಜಲಾಶಯದ ನೀರು ಬೇಸಗೆಯಲ್ಲಿ ಹಿಂದಕ್ಕೆ ಸರಿದಾಗ ಬಯಲಾದ ನೆಲದಲ್ಲಿ ಹಸುರು ಹುಲ್ಲು ಚಿಗುರುತ್ತದೆ. ಅದನ್ನು ಅರಸಿ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಆ ದೃಶ್ಯವನ್ನು ಯಾವ ಯಂತ್ರವೂ ನಿರ್ಮಿಸಿದುದಲ್ಲ. ಸಂಸ್ಥೆಯು ಬೆಳೆದು, ಅನಂತರ ನಾಡಿನ ಹಲವೆಡೆ ತನ್ನ ಶಾಖೆಗಳನ್ನು ತೆರೆಯಿತು.

ಎರಡನೆಯದು ಮೂರ್ಕಲ್ಲಿನದು. 1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯೋದ್ಯಾನದ ಒಳಗಿನ ನೆಲವನ್ನು ಸರಕಾರದವರು ತಾಜ್ ಸಮೂಹದ ಗೇಟ್‌ವೇ ಹೋಟೆಲು ಕಂಪನಿಗೆ ಗುತ್ತಿಗೆಗೆ ಕೊಟ್ಟರು. ಅದನ್ನೂ ಪರಿಸರ ಪ್ರವಾಸವೆಂದೇ ಕರೆಯಲಾಗಿತ್ತು. ಬಂಡವಾಳಕ್ಕಾಗಲಿ, ಹೋಟೆಲು ನಡೆಸುವ ಅನುಭವಕ್ಕಾಗಲಿ ಕೊರತೆಯಿರಲಿಲ್ಲ. ಆದರೆ ಅದೇ ಕಾಡಿನಿಂದ ತಮ್ಮನ್ನು ಹೊರಗೆ ಸಾಗಿಸುತ್ತಲಿದ್ದ ಕಾಲದಲ್ಲಿಯೇ ಹೋಟೆಲಿಗೆ ಒಳಗೆ ಜಾಗ ಕೊಟ್ಟುದನ್ನು ಕಂಡು ಜೇನುಕುರುಬರೇ ಮೊದಲಾದ ಗಿರಿಜನರು 1996ರಲ್ಲಿ ಪ್ರತಿಭಟಿಸಿದರು. ವಿಷಯವು ನ್ಯಾಯಾಲಯವನ್ನು ಮುಟ್ಟಿತು. 1997ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು, ಆ ಗುತ್ತಿಗೆಯು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತಿತು. ಎದ್ದ ಕಟ್ಟಡಗಳು ಕಾಡಿನ ನಡುವೆ ಅನಾಥವಾದವು. ಕೂಸು ಹುಟ್ಟುವುದಕ್ಕೆ ಮೊದಲೇ ಕುಲಾವಿ ಹೊಲಿಸಿದ ಈ ಕಥೆಯನ್ನು ಇಂದಿನ ಯೋಜನಾಪತ್ರಗಳ ಕರ್ತರು ಓದಿದಂತೆ ತೋರುವುದಿಲ್ಲ.

ಇದು ಹಳೆಯ ಕಾಲದ ಮಾತು, ಈಗ ಸಾಧನಗಳು ಬೇರೆ ಎಂದು ವಾದಿಸುವವರುಂಟು. ಸಾಧನಗಳ ಮಾತನ್ನೇ ನೋಡೋಣ. ಈ ಬಗೆಯ ವಿಹಾರಧಾಮಗಳಲ್ಲಿ ಜಗತ್ತಿಗೆ ಮಾದರಿಯೆಂದು ಹೊಗಳಿಸಿಕೊಳ್ಳುವುದು ಶಾಂತಸಾಗರದ ತೇತಿಯಾರೋವಾ ದ್ವೀಪವಲಯದಲ್ಲಿ 2014ರಲ್ಲಿ ತೆರೆದ 'ದಿ ಬ್ರಾಂಡೊ'. ಚಲಚ್ಚಿತ್ರ ನಟ ಮಾರ್ಲನ್ ಬ್ರಾಂಡೊ 1960ರ ದಶಕದಲ್ಲಿ ಆ ದ್ವೀಪಗಳನ್ನು ಪಡೆದಿದ್ದನು. ಅವನು 2004ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಮೇಲೆ ಅವನ ಹೆಸರಿನ ಧಾಮವು ಪೂರ್ತಿಯಾಯಿತು. ಅಲ್ಲಿ ಮೂವತ್ತೈದು ಕುಟೀರಗಳು ಮಾತ್ರ. 900 ಮೀಟರಿಗೂ ಹೆಚ್ಚು ಆಳದ ಸಮುದ್ರದಿಂದ ಕೊರೆಯುವಷ್ಟು ತಣ್ಣನೆಯ ನೀರನ್ನು ಕೊಳವೆಯಲ್ಲಿ ಎತ್ತಿ, ಅದರ ಶೈತ್ಯದಿಂದಲೇ ಕೋಣೆಗಳನ್ನು ತಂಪಾಗಿಡುತ್ತಾರೆ. ವಿಮಾನದ ಓಟದ ಪಟ್ಟಿಯ ಉದ್ದಕ್ಕೂ ಸೂರ್ಯಫಲಕಗಳಿವೆ. ಕೊಬ್ಬರಿ ಎಣ್ಣೆಯಿಂದ ನಡೆಯತಕ್ಕ ವಿದ್ಯುಜ್ಜನಕಗಳಿವೆ. ಬುದ್ಧಿವಂತಿಕೆಯ ಕೆಲಸ, ಮೆಚ್ಚಬೇಕಾದುದೇ. ಆದರೆ ಅದರ ಗುಟ್ಟನ್ನು ತಿಳಿಯಬೇಕು. ತೀರಕ್ಕೆ ತಗುಲಿದಂತೆಯೇ ಸಮುದ್ರವು ಕಡಿದಾಗಿ ಆಳಕ್ಕಿಳಿಯುವ ಸ್ಥಳವದು. ಆದುದರಿಂದಲೇ ಕೊಳವೆಯು ಗಿಟ್ಟಿತು. ಆ ಸ್ಥಳಕ್ಕೆ ಯಾವುದು ಸಲ್ಲುವುದೋ ಅದನ್ನು ಹುಡುಕಿದರು. ಅಲ್ಲಿಯ ಹೆಸರನ್ನು ಇಲ್ಲಿಯ ಬಿನ್ನವತ್ತಳೆಯಲ್ಲಿ ಬರೆದ ಮಾತ್ರಕ್ಕೆ ಇಲ್ಲಿಗೆ ಸಲ್ಲುವ ಉಪಾಯವು ದೊರೆತಂತಾಗಲಿಲ್ಲ.

ನಮ್ಮ ಮಲೆನಾಡಿಗೆ ಯಾವುದು ಸಲ್ಲುತ್ತದೆ? ಒಂದು ಅಂದಾಜನ್ನು ಹಾಕಿ ನೋಡೋಣ. ಮೂವತ್ತು ಕೊಠಡಿಗಳ ಒಂದು ಧಾಮ. ಅಡಿಗೆಮನೆ, ಬಟ್ಟೆ ಒಗೆಯುವ ಶಾಲೆ, ಈಜುಕೊಳ ಎಲ್ಲವೂ ಸೇರಿ ದಿನಕ್ಕೆ 1,500 ಯೂನಿಟ್ಟು ವಿದ್ಯುತ್ತು ಬೇಕೆಂದು ಇಟ್ಟುಕೊಳ್ಳುವ. ಒಂದು ಕಿಲೋವಾಟಿನ ಸೂರ್ಯಫಲಕವು ನಮ್ಮ ನಾಡಿನ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟನ್ನು ಕೊಡುತ್ತದೆ. ಅಂದರೆ 375 ಕಿಲೋವಾಟು. ಅದನ್ನು ಹಾಸುವುದಕ್ಕೆ ಹೆಚ್ಚುಕಡಮೆ ಒಂದು ಎಕರೆ ನೆರಳಿಲ್ಲದ ನೆಲ. ಮರಗಳ ನೆರಳನ್ನೇ ಮಾರುವ ಧಾಮವು ನೆರಳಿಲ್ಲದ ಎಕರೆಯನ್ನು ಎಲ್ಲಿಂದ ತರುವುದೆಂಬುದು ಮೊದಲನೆಯ ತೊಡಕು. ಎರಡನೆಯದು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಫಲಕದ ಫಲವು ಅರ್ಧಕ್ಕೂ ಇಳಿಯಬಹುದು. ಅದೇ ಕಾಲದಲ್ಲಿ ಒಗೆದ ಹಾಸು-ಹೊದಿಕೆಗಳು ಬಿಸಿಲಿಲ್ಲದೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅತಿಥಿಗೆ ಎರಡು ಹೊತ್ತು ಬಿಸಿನೀರು ಬೇಕಾಗುತ್ತದೆ. ವಿದ್ಯುತ್ತು ಹೆಚ್ಚಾಗಿ ಬೇಕಾದಾಗಲೇ ಸೂರ್ಯನು ಮರೆಯಾಗುತ್ತಾನೆ. ಬ್ಯಾಟರಿಯು ಹಗಲಿನದನ್ನು ರಾತ್ರಿಗೆ ಕೂಡಿಟ್ಟೀತು. ಮೇ ತಿಂಗಳಿನದನ್ನು ಜುಲೈಗೆ ಕೂಡಿಡಲಾರದು. ಸರಕಾರದ ತಂತಿಯನ್ನು ನಂಬೋಣವೆಂದರೆ, ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯದ ವಾರವುಂಟೆ? ಕಡೆಗೆ ಡೀಸೆಲ್ ಯಂತ್ರವು ಹಿತ್ತಲಲ್ಲಿ ಗುಡುಗತೊಡಗುತ್ತದೆ.

ಇದಕ್ಕೆ ಪರಿಹಾರವು ಮಲೆನಾಡಿನಲ್ಲಿಯೇ ಇದೆ. ಸೂರ್ಯನು ಮರೆಯಾದ ತಿಂಗಳುಗಳಲ್ಲಿ ಹಳ್ಳಗಳು ತುಂಬಿ ಹರಿಯುತ್ತವೆ. ತೋಟದ ಮನೆಗಳವರು ಸಣ್ಣ ಝರಿಗೆ ಕೊಳವೆ ಕಟ್ಟಿ, ಕೈಗಾಡಿಯಷ್ಟು ದೊಡ್ಡ ಯಂತ್ರದಿಂದ ದೀಪ ಉರಿಸಿಕೊಳ್ಳುವುದು ಅನೇಕ ವರ್ಷಗಳಿಂದ ನಡೆದುಬಂದಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿದ ನಾಡಿಗೆ ಇದೇನು ಹೊಸ ವಿದ್ಯೆಯಲ್ಲ. ಬೇಸಗೆಗೆ ಸೂರ್ಯ, ಮಳೆಗಾಲಕ್ಕೆ ಝರಿ ಎಂಬ ಜೋಡಣೆಯು ಒಳ್ಳೆಯ ಇಳಿಜಾರಿರುವ ಕಡೆ ಸಾಧ್ಯ. ಆದರೆ ನಮ್ಮ ಕಣ್ಣಿಗೆ ಬಿದ್ದ ಯೋಜನಾಪತ್ರಗಳಲ್ಲಿ ಇದರ ಸೊಲ್ಲಿಲ್ಲ. ಎಲ್ಲಿಯೋ ತಯಾರಾದ ಪಟ್ಟಿಯನ್ನು ಇಲ್ಲಿ ನಕಲು ಮಾಡಿದರೆ ಹೀಗಾಗುತ್ತದೆ. ಇನ್ನು ಸಿಡಿಲು ಬಡಿದು ಇನ್ವರ್ಟರು ಸುಟ್ಟರೆ ಬೆಂಗಳೂರಿನಿಂದ ಮಿಸ್ತ್ರಿಯು ಬರುವ ತನಕ ಕತ್ತಲೆ. ಹತ್ತಿರದ ಐಟಿಐ ಶಾಲೆಯಲ್ಲಿ ಕಲಿತ ಇಬ್ಬರು ಹುಡುಗರನ್ನು ನೇಮಿಸಿ ತರಬೇತು ಮಾಡುವ ಖರ್ಚು ಒಂದು ಈಜುಕೊಳದ ಹೆಂಚಿನ ಖರ್ಚಿಗಿಂತ ಕಡಮೆ. ಆದರೂ ಅದು ಯಾರ ನೆನಪಿಗೂ ಬರುವುದಿಲ್ಲ.

ವಿದ್ಯುತ್ತಿನ ತೊಡಕು ಹಣದಿಂದ ಪರಿಹಾರವಾಗತಕ್ಕದ್ದು. ನೀರಿನದು ಹಾಗಲ್ಲ. ಅರವತ್ತು ಮಂದಿ ಅತಿಥಿಗಳು. ಸ್ನಾನ, ಒಗೆತ, ಅಡಿಗೆ, ತೋಟ, ಈಜುಕೊಳ ಇವೆಲ್ಲ ಸೇರಿ ತಲೆಗೆ ಸಾವಿರ ಲೀಟರು ಎಂದು ಹಿಡಿದರೆ ದಿನಕ್ಕೆ 60,000 ಲೀಟರು. ಶ್ರೀಮಂತ ಹೋಟೆಲುಗಳಿಗೆ ಇದು ಉತ್ಪ್ರೇಕ್ಷೆಯಲ್ಲ. ಕೇಂದ್ರ ಸರಕಾರದವರ ಜಲಜೀವನ ಯೋಜನೆಯು ಹಳ್ಳಿಗನಿಗೆ ಗೊತ್ತುಮಾಡಿರುವ ಅಳತೆ ದಿನಕ್ಕೆ 55 ಲೀಟರು. ಅರವತ್ತು ಅತಿಥಿಗಳ ನೀರು ಸಾವಿರ ತಲೆಗಳ ಒಂದು ಗ್ರಾಮದ ನೀರಿಗೆ ಸಮ. ಮಳೆಗಾಲದಲ್ಲಿ ಇದನ್ನು ಯಾರೂ ಲೆಕ್ಕಿಸರು. ಆದರೆ ಅತಿಥಿಗಳು ನೆರೆಯುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ. ಮಕ್ಕಳ ಶಾಲೆಗೆ ರಜೆ, ಕಾಡಿನಲ್ಲಿ ಪ್ರಾಣಿಗಳು ಕಣ್ಣಿಗೆ ಬೀಳುವ ಕಾಲ. ಹಳ್ಳಗಳು ನೂಲಿನಂತೆ ಬಡವಾಗಿರುವುದೂ ಆಗಲೇ. ಕೊಳವೆಬಾವಿ ಕೊರೆಸಿದರೆ ಅದು ಕೆಳಗಿನ ಊರಿನ ಬಾವಿಯ ಪಾಲನ್ನೇ ಎಳೆಯಬಹುದು.

ಬಳಸಿದ ನೀರನ್ನು ಶುದ್ಧಮಾಡಿ ಮರಳಿ ಉಪಯೋಗಿಸುತ್ತೇವೆ ಎಂಬುದು ಸಿದ್ಧವಾದ ಉತ್ತರ. ಒಳ್ಳೆಯ ಉತ್ತರವೇ, ಬೇಸಗೆಯಲ್ಲಿ ತೋಟಕ್ಕೂ ಶೌಚಗೃಹಕ್ಕೂ ಆ ನೀರು ಸಾಕಾಗಿ ಹೊಸ ನೀರಿನ ಹೊರೆಯು ತಗ್ಗುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ನೀರೇ ಬೇಡ. ಆಗ ದಿನವೂ ಹೊರಡುವ ನಲವತ್ತೆಂಟು ಸಾವಿರ ಲೀಟರು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ. ಯಂತ್ರವು ಸರಿಯಾಗಿದ್ದರೆ ಶುದ್ಧವಾಗಿ ಹೋಗುತ್ತದೆ. ವಿದ್ಯುತ್ತು ನಿಂತು ಯಂತ್ರದೊಳಗಿನ ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆ ಸತ್ತ ವಾರದಲ್ಲಿ ಹೇಗೆ ಹೋಗುತ್ತದೆಂಬುದನ್ನು ಕೆಳಗಿನ ಗದ್ದೆಯವನು ಮೂಗಿನಿಂದಲೇ ಹೇಳುತ್ತಾನೆ.

ಹಣದ ಲೆಕ್ಕಕ್ಕೆ ಬರೋಣ. ಬಂಡವಾಳಗಾರರಿಗೆ ಇದೇ ಮುಖ್ಯ, ಅವರನ್ನು ನಾವು ಆಕ್ಷೇಪಿಸುವುದಿಲ್ಲ. ಕೊಠಡಿಯೊಂದಕ್ಕೆ ಒಂದೂವರೆ ಕೋಟಿಯಂತೆ 45 ಕೋಟಿ ರೂಪಾಯಿ ಹೂಡಿದರೆಂದೂ, ಅದರಲ್ಲಿ 27 ಕೋಟಿಯನ್ನು ನೂರಕ್ಕೆ ಹತ್ತರ ಬಡ್ಡಿಯಂತೆ ಸಾಲ ತಂದರೆಂದೂ ಭಾವಿಸುವ. ಬಾಡಿಗೆ ರಾತ್ರಿಗೆ 25,000 ರೂಪಾಯಿ. (7,500 ರೂಪಾಯಿ ಮೀರಿದ ಕೊಠಡಿಗೆ ನೂರಕ್ಕೆ 18ರಂತೆ ತೆರಿಗೆಯು ಇದರ ಮೇಲೆ, ಅದನ್ನು ಅತಿಥಿಯು ತೆರುತ್ತಾನೆ.) ವರ್ಷದಲ್ಲಿ ನೂರಕ್ಕೆ 55 ಪಾಲು ಕೊಠಡಿಗಳು ತುಂಬಿದರೆ ಹುಟ್ಟುವಳಿ ಸುಮಾರು 15 ಕೋಟಿ, ನಡೆಸುವ ಖರ್ಚು 9 ಕೋಟಿ ಕಳೆದು 6 ಕೋಟಿ ಉಳಿಯುತ್ತದೆ, ಬಡ್ಡಿ 2 ಕೋಟಿ 70 ಲಕ್ಷವನ್ನು ಕಟ್ಟಿ, ಅಸಲಿನ ಕಂತಿಗೂ ಮುಂದೆ ಬ್ಯಾಟರಿಗಳನ್ನು ಬದಲಿಸುವುದಕ್ಕೂ ಒಂದಿಷ್ಟು ಮಿಗುತ್ತದೆ. ಅಲ್ಲಿಯವರೆಗೆ ಯೋಜನೆಯು ಸಾಧ್ಯವೇ ಸರಿ. ತುಂಬುವಿಕೆಯು ನೂರಕ್ಕೆ ನಲವತ್ತಕ್ಕೆ ಇಳಿಯಿತೆನ್ನಿ. ಹುಟ್ಟುವಳಿ 11 ಕೋಟಿಗೂ ಒಳಗೆ ಬರುತ್ತದೆ. ಆದರೆ ಖರ್ಚಿನಲ್ಲಿ ಹೆಚ್ಚಿನದು ಅತಿಥಿ ಬಂದರೂ ಬಾರದಿದ್ದರೂ ತಪ್ಪದ ಸಂಬಳ-ಸಾರಿಗೆಗಳದು; ಅದು ಎಂಟೂವರೆ ಕೋಟಿಗಿಂತ ಕೆಳಗಿಳಿಯುವುದು ಕಷ್ಟ. ಉಳಿದುದರಿಂದ ಬಡ್ಡಿಯೂ ಪೂರ್ತಿಯಾಗಿ ತೀರದು. ನೂರಕ್ಕೆ ಹದಿನೈದರ ಅಂತರದಲ್ಲಿ ಬದುಕು-ಸಾವು ತೂಗುತ್ತದೆ.

ಈ ಹದಿನೈದನ್ನು ಅಳಿಸುವುದಕ್ಕೆ ಏನು ಬೇಕು? ಒಂದು ಸರಕಾರಿ ಆಜ್ಞೆ ಸಾಕು. ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿಯ ದಾಳಿಯಿಂದ ರೈತರು ಮಡಿದ ಮೇಲೆ, 2025ರ ನವೆಂಬರಿನಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ಸರಕಾರದವರು ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ತಿರುಗಿಸಿದರು. ಧಾಮಗಳೂ ಸಫಾರಿ ವಾಹನಗಳೂ ಹೆಚ್ಚಿದುದೇ ಪ್ರಾಣಿಗಳು ಹೊರಬರುವುದಕ್ಕೆ ಕಾರಣವೆಂಬುದು ರೈತರ ದೂರು. ಆ ದೂರು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ತಜ್ಞರು ಪರಿಶೀಲಿಸಲಿ. ಉದ್ಯಮದ ದೃಷ್ಟಿಯಿಂದ ಗಮನಿಸಬೇಕಾದುದು ಬೇರೊಂದು: ಅತಿಥಿಯು ಇಪ್ಪತ್ತೈದು ಸಾವಿರ ತೆರುವುದು ಕಾಡನ್ನು ನೋಡುವುದಕ್ಕೆ, ಆ ಕಾಡು ಧಾಮದವರ ಸ್ವತ್ತಲ್ಲ. ಬೇರೆಯವರ ಸ್ವತ್ತನ್ನು ಮಾರುವ ಅಂಗಡಿಗೆ ಆ ಬೇರೆಯವರು ಕೋಪಿಸಿಕೊಂಡ ದಿನ ಸರಕಿಲ್ಲ. ಆ ಬೇರೆಯವರಲ್ಲಿ ಹುಲಿಗೆ ಎತ್ತನ್ನು ಕಳೆದುಕೊಂಡ ರೈತನೂ ಸೇರಿದ್ದಾನೆಂಬುದನ್ನು ಅರ್ಥಮಾಡಿಕೊಂಡ ಉದ್ಯಮಿಯು ಮಾತ್ರ ತನ್ನ ಲೆಕ್ಕವನ್ನು ಸರಿಯಾಗಿ ಬರೆಯಬಲ್ಲನು.

ನೆಲದ ವಿಷಯದಲ್ಲಿ ನೆರೆಯ ನಾಡುಗಳ ಅನುಭವವು ಇನ್ನೂ ಕಠಿನ. ಕೇರಳದ ವೇಂಬನಾಡು ಸರೋವರದ ನೆಡಿಯತುರುತ್ತು ದ್ವೀಪದಲ್ಲಿ 54 ಕುಟೀರಗಳ ವಿಲಾಸಧಾಮವೊಂದು ಸಿದ್ಧವಾಗಿ ನಿಂತಿತ್ತು. ಸರೋವರದಲ್ಲಿ ಕಂಬ ನೆಟ್ಟು ಬಲೆ ಕಟ್ಟಿ ಬದುಕುತ್ತಲಿದ್ದ ಬೆಸ್ತರು ನ್ಯಾಯಾಲಯಕ್ಕೆ ಹೋದರು. ಕರಾವಳಿ ನಿಯಂತ್ರಣ ವಿಧಿಯು ಉಲ್ಲಂಘಿತವಾಗಿದೆಯೆಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ತೀರ್ಪನ್ನು ಸ್ಥಿರಪಡಿಸಿತು. 2022ರ ಸೆಪ್ಟೆಂಬರಿನಲ್ಲಿ ಕೆಡಹುವ ಕೆಲಸವು ಆರಂಭವಾಯಿತು. ಒಬ್ಬ ಅತಿಥಿಯನ್ನೂ ಕಾಣದೆ ಆ ಕಟ್ಟಡಗಳು ನೆಲಸಮವಾದವು. ನೀಲಗಿರಿಯ ಸೀಗೂರು ಪ್ರಸ್ಥಭೂಮಿಯಲ್ಲಿಯೂ ಆನೆಗಳ ದಾರಿಯ ಮೇಲೆ ಎದ್ದಿದ್ದ ಧಾಮಗಳಿಗೆ 2018ರಲ್ಲಿ ಬೀಗಮುದ್ರೆ ಬಿದ್ದಿತು. 2020ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯವು ಆನೆಯ ದಾರಿಯನ್ನೇ ಎತ್ತಿಹಿಡಿಯಿತು. 2025ರ ನವೆಂಬರಿನ ಕಾರ್ಬೆಟ್ ತೀರ್ಪಿನಲ್ಲಿಯಂತೂ, ಹುಲಿ ಸಂರಕ್ಷಿತ ಪ್ರದೇಶದ ಹೊರ ಅಂಚಿನಲ್ಲಿ ಪರಿಸರಕ್ಕೆ ಹೊಂದುವ ಧಾಮಗಳಿಗೆ ಅವಕಾಶವಿರಬಹುದಾದರೂ ಪ್ರಾಣಿಗಳ ದಾರಿಯಲ್ಲಿ ಕೂಡದೆಂದು ಸ್ಪಷ್ಟವಾಗಿ ಹೇಳಲ್ಪಟ್ಟಿದೆ. ಇಷ್ಟಾದ ಮೇಲೂ ಆನೆಯ ದಾರಿಯ ವಿಷಯ ತಿಳಿದಿರಲಿಲ್ಲವೆಂದು ಹೇಳುವ ಉದ್ಯಮಿಗಾಗಲಿ, ಅವನ ಕಾಗದಕ್ಕೆ ರುಜು ಹಾಕುವ ಅಧಿಕಾರಿಗಾಗಲಿ ಕ್ಷಮೆಯಿಲ್ಲ.

ಇಲ್ಲಿ ಕಾಯಿದೆಯಲ್ಲಿನ ಒಂದು ಸಂದನ್ನು ಕಛೇರಿಗಳಲ್ಲಿರುವ ನಮ್ಮ ವಾಚಕರ ಗಮನಕ್ಕೆ ತರುವುದು ಅವಶ್ಯ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕಟ್ಟಡಗಳಿಗೆ ಮುಂಗಡ ಅನುಮತಿಯು ಬೇಕಾಗುವುದು 20,000 ಚದರ ಮೀಟರಿನಿಂದ ಮೇಲ್ಪಟ್ಟಾಗ. ಪಶ್ಚಿಮ ಘಟ್ಟಗಳ ಸೂಕ್ಷ್ಮವಲಯದ ಕರಡು ಅಧಿಸೂಚನೆಯಲ್ಲಿಯೂ ಅದೇ ಅಳತೆ. ಮೂವತ್ತು ಕೊಠಡಿಗಳ ಧಾಮವು ಅದರ ಹತ್ತಿರಕ್ಕೂ ಬಾರದು. ರಾಷ್ಟ್ರೀಯೋದ್ಯಾನಗಳಿಗೆ ತೀರ ಹತ್ತಿರದಲ್ಲಿ ಬೇರೆ ನಿರ್ಬಂಧಗಳಿವೆ, ನಿಜ. ಅದರಾಚೆಗೆ ಭೂಪರಿವರ್ತನೆಯ ಆಜ್ಞೆ, ಪಂಚಾಯತಿಯ ಪರವಾನಗಿ, ಮಾಲಿನ್ಯ ಮಂಡಲಿಯ ಸಮ್ಮತಿ ಇಷ್ಟಾದರೆ ಮುಗಿಯಿತು. ಬೇಸಗೆಯಲ್ಲಿ ಆ ಹಳ್ಳದಲ್ಲಿ ಎಷ್ಟು ನೀರಿರುತ್ತದೆಂದು ಕೇಳುವ ಕಛೇರಿ ಯಾವುದೂ ಇಲ್ಲ. ಇಳಿಜಾರನ್ನು ಕಡಿದು ರಸ್ತೆ ಮಾಡಿದರೆ ಗುಡ್ಡವು ತಡೆಯುವುದೇ ಎಂದು ಕೇಳುವವರೂ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೂ, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ-ಚೂರಲ್‌ಮಲೆಗಳೂ ಕಲಿಸಿದ ಪಾಠವು ಫೈಲುಗಳನ್ನು ತಲಪಿಲ್ಲ. ಕಸ್ತೂರಿರಂಗನ್ ವರದಿಯ ಆಧಾರದ ಆರನೆಯ ಕರಡನ್ನು ನಮ್ಮ ಮಂತ್ರಿಮಂಡಲವು 2024ರ ಸೆಪ್ಟೆಂಬರಿನಲ್ಲಿ ನಿರಾಕರಿಸಿತು. ಮಲೆನಾಡಿನ ರೈತರ ಭೀತಿಗೆ ಕಾರಣಗಳಿಲ್ಲದಿಲ್ಲ. ಆದರೆ ಅದನ್ನು ಬೇಡವೆಂದವರು ಅದರ ಸ್ಥಾನದಲ್ಲಿ ನಮ್ಮದೇ ಆದ ಯಾವ ಕ್ರಮವನ್ನು ನಿಲ್ಲಿಸಿದ್ದಾರೆ? ಕ್ರಮವಿಲ್ಲದ ಕಡೆ ಪ್ರಾಮಾಣಿಕ ಉದ್ಯಮಿಗೂ ರಕ್ಷಣೆಯಿಲ್ಲ; ಅವನು 45 ಕೋಟಿಯನ್ನು ಹೂಡಿದ ಮೇಲೆ ಹತ್ತು ವರ್ಷಗಳಾಚೆ ಯಾವ ನ್ಯಾಯಾಲಯದಲ್ಲಿ ನಿಲ್ಲಬೇಕಾದೀತೆಂಬುದನ್ನು ಯಾರೂ ಹೇಳಲಾರರು.

ಸರಕಾರದವರು ರಿಯಾಯಿತಿಯನ್ನು ಕೊಡುವುದಾದರೆ ಅದಕ್ಕೆ ಮುಂಚೆ ಕೇಳಬೇಕಾದುದನ್ನು ಕೇಳಲಿ. ಹಳ್ಳದ ಹರಿವನ್ನು ಒಂದು ಪೂರ್ತಿ ವರ್ಷ, ಏಪ್ರಿಲ್-ಮೇ ತಿಂಗಳುಗಳೂ ಸೇರಿದಂತೆ, ಅಳೆದು ಒಪ್ಪಿಸಿದ ಹೊರತು ಭೂಪರಿವರ್ತನೆಯ ಅರ್ಜಿಯನ್ನು ಮುಟ್ಟಕೂಡದು. ಆನೆಯ ದಾರಿಯನ್ನು ಅರಣ್ಯ ಇಲಾಖೆಯ ನಕ್ಷೆಯಿಂದ ಮಾತ್ರವೇ ತಿಳಿಯದೆ, ಗ್ರಾಮಸಭೆಯಲ್ಲಿ ವೃದ್ಧರನ್ನು ಕೇಳಿ ದಾಖಲೆ ಮಾಡಲಿ. ನಕ್ಷೆಯಲ್ಲಿಲ್ಲದ ಎಷ್ಟೋ ದಾರಿಗಳು ಅವರಿಗೆ ಗೊತ್ತು. ಕೊಠಡಿಗಳ ಸಂಖ್ಯೆಯನ್ನು ಬಂಡವಾಳವು ಗೊತ್ತುಮಾಡದೆ ಬೇಸಗೆಯ ನೀರು ಗೊತ್ತುಮಾಡಲಿ: ಹನ್ನೆರಡಕ್ಕೆ ಸಾಕಾಗುವಷ್ಟಿದ್ದರೆ ಹನ್ನೆರಡೇ. ಹನ್ನೆರಡರಿಂದ ಗಿಟ್ಟುವುದಿಲ್ಲವೆಂದು ಉದ್ಯಮಿಯು ಹೇಳಿದರೆ, ಆ ಸ್ಥಳದಲ್ಲಿ ಯೋಜನೆಯು ಅಸಾಧ್ಯವೆಂಬುದು ಒಂದು ಇಟ್ಟಿಗೆಯನ್ನೂ ಇಡದೆ ತಿಳಿದಂತಾಯಿತು. ಅದಕ್ಕಿಂತ ಅಗ್ಗದ ತಿಳಿವಳಿಕೆ ಯಾವುದೂ ಇಲ್ಲ. ಕಬಿನಿಯ ಮೊದಲ ಧಾಮವು ಅಲ್ಪದಿಂದ ಆರಂಭಿಸಿ ಬೆಳೆದುದನ್ನು ಮೇಲೆ ಹೇಳಿದ್ದೇವೆ.

ಇನ್ನೊಂದು ಅಂಶವು ಠೇವಣಿಯದು. ಗಣಿ ತೋಡುವವನು ಗಣಿಯನ್ನು ಮುಚ್ಚುವ ಖರ್ಚಿಗೆ ಮುಂಗಡವಾಗಿ ಜಾಮೀನು ಕೊಡಬೇಕೆಂಬ ವಿಧಿಯು ಈ ದೇಶದಲ್ಲಿ ಜಾರಿಯಲ್ಲಿದೆ. ಕಾಡಂಚಿನ ಧಾಮಕ್ಕೆ ಅಂಥದೇನೂ ಇಲ್ಲ. ಉದ್ಯಮವು ಕೆಟ್ಟರೆ ಬ್ಯಾಂಕಿನವರು ನೆಲವನ್ನು ಹರಾಜು ಹಾಕುತ್ತಾರೆ. ಕಾಂಕ್ರೀಟು, ಸತ್ತ ಬ್ಯಾಟರಿಗಳು, ಒಡೆದ ಫಲಕಗಳು, ತುಂಬಿದ ಕೊಳಚೆ ತೊಟ್ಟಿ ಇವು ಊರಿನ ಪಾಲಿಗೆ ಉಳಿಯುತ್ತವೆ. ಕಟ್ಟಡವನ್ನು ಕೆಡವಿ ನೆಲವನ್ನು ಮೊದಲಿನಂತೆ ಮಾಡುವುದಕ್ಕೆ ತಗಲುವ ಮೊಬಲಗನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಅಂದಾಜು ಮಾಡುವುದು ಒಬ್ಬ ಸಹಾಯಕ ಎಂಜಿನಿಯರಿಗೆ ಎರಡು ದಿನದ ಕೆಲಸ. ಆ ಮೊಬಲಗಿಗೆ ಬ್ಯಾಂಕಿನ ಜಾಮೀನನ್ನು ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ಪಡೆದು, ಐದು ವರ್ಷಕ್ಕೊಮ್ಮೆ ನವೀಕರಿಸುವಂತೆ ಭೂಪರಿವರ್ತನೆಯ ಆಜ್ಞೆಯಲ್ಲಿಯೇ ಒಂದು ಷರತ್ತನ್ನು ಸೇರಿಸುವಂತೆ ಸರಕಾರದವರು ಕ್ರಮ ಕೈಗೊಳ್ಳಲಿ. ಈಗ ಕಛೇರಿಗಳಲ್ಲಿ ಬಾಕಿಯಿರುವ ಅರ್ಜಿಗಳಿಂದಲೇ ಅದು ಆರಂಭವಾಗಬಹುದು.